ಕಾಮಿಕ್ಸ್‌ನ ಮೂಲ ಪುಟ ಕೊಳ್ಳುವ ಮುಂಚೆ: ಯಾವುದು ತಗೊಳ್ಳೋದು, ಯಾರಿಂದ ತಗೊಳ್ಳೋದು?

ಕೈಯಲ್ಲಿ ಮೂವತ್ತು ಸಾವಿರ ರೂಪಾಯಿ ಇದೆ ಅಂದುಕೊಳ್ಳಿ. ಆ ದುಡ್ಡಿಗೆ ಹೆಸರಾಂತ ಕಲಾವಿದರೊಬ್ಬರ ಅಂಗೈಯಗಲದ ಪೆನ್ಸಿಲ್ ಸ್ಕೆಚ್ ಸಿಗಬಹುದು. ಅದೇ ದುಡ್ಡಿಗೆ ಅಷ್ಟು ಹೆಸರಿಲ್ಲದ, ಆದರೆ ಕೈ ಚೆನ್ನಾಗಿರುವ ಇನ್ನೊಬ್ಬರ ಒಂದು ಇಡೀ ಪುಟ ಸಿಗುತ್ತದೆ. ಅದು ಪುಸ್ತಕದಲ್ಲಿ ಅಚ್ಚಾದ ಕಥೆಯ ಮೂಲ ಪುಟ, ಅಂದರೆ ಕಲಾವಿದರು ಅಚ್ಚಿಗೆ ಅಂತ ಕೈಯಲ್ಲಿ ಬರೆದ ಹಾಳೆ. ಇಲ್ಲವೇ, ನಿಮಗೆ ಇಷ್ಟವಾದ ಪಾತ್ರವನ್ನು ಹೇಳಿ ಬರೆಸಿಕೊಳ್ಳಬಹುದು. ಮೂರರಲ್ಲಿ ಯಾವುದು?

ಹೊಸದಾಗಿ ಈ ಹವ್ಯಾಸಕ್ಕೆ ಬಂದವರು ನನ್ನನ್ನು ಕೇಳುವ ಪ್ರಶ್ನೆಯೇ ಇದು. ಹತ್ತಕ್ಕೆ ಒಂಬತ್ತು ಸಲ ನಾನು ಹೇಳುವುದು ಎರಡನೆಯದನ್ನು: ಅಚ್ಚಾದ ಕಥೆಯ ಮೂಲ ಪುಟ ತಗೊಳ್ಳಿ. ಹೆಸರಿಗಿಂತ ಕೆಲಸ ಜಾಸ್ತಿ ಇರುವ ಹಾಳೆಯನ್ನು ತಗೊಳ್ಳಿ. ಯಾಕೆ ಅನ್ನುವುದಕ್ಕೆ ಮೊದಲು ಆ ಹಾಳೆ ಹೇಗಿರುತ್ತದೆ ಅಂತ ನೋಡೋಣ.

ಒಂದು ಪುಟವನ್ನು ಹತ್ತಿರದಿಂದ

ಅಮೆರಿಕದ ಕಾಮಿಕ್ಸ್‌ಗೆ ಕಲಾವಿದರು ಪುಸ್ತಕದ ಅಳತೆಯಲ್ಲಿ ಬರೆಯುವುದಿಲ್ಲ. 11 ಇಂಚು ಅಗಲ, 17 ಇಂಚು ಎತ್ತರದ ದಪ್ಪ ಬೋರ್ಡಿನ ಮೇಲೆ ಬರೆಯುತ್ತಾರೆ. ಅಚ್ಚು ಹಾಕುವಾಗ ಅದನ್ನು ಚಿಕ್ಕದು ಮಾಡುತ್ತಾರೆ. 1967ರ ಸುಮಾರಿಗೆ ಈ ಅಳತೆ ಬಂತು. ಅದಕ್ಕಿಂತ ಹಿಂದೆ ಹಾಳೆ ಇನ್ನೂ ದೊಡ್ಡದಿತ್ತು. ಆ ಕಾಲದ ಪುಟವನ್ನು ಮೊದಲ ಸಲ ಎದುರಿಗೆ ಕಂಡವರು ಅದರ ಗಾತ್ರಕ್ಕೇ ಬೆರಗಾಗುತ್ತಾರೆ.

ನನ್ನ ಹತ್ತಿರ 80ರ ದಶಕದ ಒಂದು ಯುದ್ಧದ ಕಥೆಯ ಪುಟ ಇದೆ. ಆರು ಚೌಕಟ್ಟು. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪು ಶಾಯಿಯ ಕೆಳಗೆ ಅಳಿಸಿ ಉಳಿದ ಪೆನ್ಸಿಲ್ ಗೆರೆ ಕಾಣುತ್ತದೆ. ಮೂರನೇ ಚೌಕಟ್ಟಿನ ಸೈನಿಕನ ಕೈಯನ್ನು ಮೊದಲು ಮೇಲೆತ್ತಿದ ಹಾಗೆ ಬರೆದು, ಬಿಳಿ ಬಣ್ಣ ಬಳಿದು, ಕೆಳಗೆ ಇಳಿಸಿದ್ದಾರೆ. ಬೆರಳಿಟ್ಟರೆ ಆ ಬಿಳಿ ಬಣ್ಣದ ಉಬ್ಬು ಗೊತ್ತಾಗುತ್ತದೆ. ಅಂಚಿನಲ್ಲಿ ತಿಳಿ ನೀಲಿ ಪೆನ್ಸಿಲ್‌ನಲ್ಲಿ ಸೂಚನೆಗಳಿವೆ. ಅಚ್ಚಿನ ಕ್ಯಾಮೆರಾಗೆ ಆ ನೀಲಿ ಕಾಣುತ್ತಿರಲಿಲ್ಲ, ಹಾಗಾಗಿ ಅದನ್ನು ಅಳಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಮಾತಿನ ಗುಳ್ಳೆಗಳನ್ನು ಕೈಯಲ್ಲೇ ಬರೆದಿದ್ದಾರೆ. ಒಂದು ಗುಳ್ಳೆಯನ್ನು ಬೇರೆ ಕಾಗದದಲ್ಲಿ ಬರೆದು ಅಂಟಿಸಿದ್ದಾರೆ. ಅದರ ಸುತ್ತ ಅಂಟು ಕಂದುಬಣ್ಣಕ್ಕೆ ತಿರುಗಿದೆ. ಹಿಂದೆ ತಿರುಗಿಸಿದರೆ ಮಾಸಿದ ಒಂದು ಮೊಹರು.

ಅಚ್ಚಾದ ಪುಸ್ತಕದಲ್ಲಿ ಇದ್ಯಾವುದೂ ಕಾಣುವುದಿಲ್ಲ. ನಾವು ದುಡ್ಡು ಕೊಡುವುದು ಇದಕ್ಕೆ.

ಕವರ್, ಸ್ಪ್ಲಾಶ್, ಒಳಪುಟ

ಒಂದೇ ಕಲಾವಿದರ, ಒಂದೇ ಸಂಚಿಕೆಯ ಕೆಲಸದಲ್ಲೂ ಬೆಲೆಗೆ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಮೇಲೆ ಕವರ್. ಆಮೇಲೆ ಸ್ಪ್ಲಾಶ್, ಅಂದರೆ ಇಡೀ ಪುಟಕ್ಕೆ ಒಂದೇ ಚಿತ್ರ. ಆಮೇಲೆ ನಾಯಕ ತನ್ನ ವೇಷದಲ್ಲಿ ಹೊಡೆದಾಡುವ ಒಳಪುಟ. ಕೊನೆಗೆ ನಾಲ್ಕು ಜನ ಕೋಣೆಯಲ್ಲಿ ಕೂತು ಮಾತಾಡುವ ಪುಟ.

ಮೆಟ್ಟಿಲು ಹೀಗಿದ್ದರೂ ಕಥೆ ಅದನ್ನು ತಲೆಕೆಳಗು ಮಾಡುತ್ತದೆ. 2022ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹೆರಿಟೇಜ್ ಅನ್ನುವ ಹರಾಜು ಮನೆಯಲ್ಲಿ 33.6 ಲಕ್ಷ ಡಾಲರ್‌ಗೆ ಹೋದದ್ದು ಕವರ್ ಅಲ್ಲ, ಒಂದು ಒಳಪುಟ. 1984ರ 'ಸೀಕ್ರೆಟ್ ವಾರ್ಸ್' ಎಂಟನೇ ಸಂಚಿಕೆಯ 25ನೇ ಪುಟ, ಚಿತ್ರ ಮೈಕ್ ಝೆಕ್ ಬರೆದದ್ದು. ಸ್ಪೈಡರ್‌ಮ್ಯಾನ್‌ಗೆ ಕಪ್ಪು ಉಡುಪು ಬರುವುದು ಆ ಪುಟದಲ್ಲಿ. ಹಾಗೆಯೇ 'ಹಲ್ಕ್' 180ನೇ ಸಂಚಿಕೆಯ ಕೊನೆಯ ಪುಟ. ಹರ್ಬ್ ಟ್ರಿಂಪ್ ಪೆನ್ಸಿಲ್ ಮಾಡಿದ್ದ ಆ ಪುಟದ ಕೊನೆಯ ಚೌಕಟ್ಟಿನಲ್ಲಿ, ಮುಂದೆ ಹೆಸರಾದ ವುಲ್ವರಿನ್ ಅನ್ನುವ ನಾಯಕ ಮೊದಲ ಸಲ ಕಾಣಿಸಿಕೊಳ್ಳುತ್ತಾನೆ. 2014ರಲ್ಲಿ ಅದು 6,57,250 ಡಾಲರ್‌ಗೆ ಮಾರಾಟವಾಯಿತು. ಒಂದೇ ಒಂದು ಚೌಕಟ್ಟು ಇಡೀ ಹಾಳೆಯ ಬೆಲೆಯನ್ನು ಎತ್ತಿತು.

ಇವು ನಮ್ಮ ಕೈಗೆಟುಕುವ ಮಾತಲ್ಲ, ಸರಿ. ಆದರೆ ಈ ಲೆಕ್ಕ ಸಣ್ಣ ಪುಟಕ್ಕೂ ಅನ್ವಯಿಸುತ್ತದೆ. ಇನ್ನೂರು ಡಾಲರ್ ಪುಟಗಳ ರಾಶಿಯಲ್ಲಿ ಕೂಡ ಕಥೆ ತಿರುಗುವ ಪುಟ ಯಾವುದು ಅಂತ ಹುಡುಕಿ. ಅದಕ್ಕೆ ಆ ಸಂಚಿಕೆಯನ್ನು ಓದಿರಬೇಕು. ಓದದೆ ಕೊಳ್ಳುವವರೇ ಜಾಸ್ತಿ. ಹಾಗಾಗಿ ಓದಿದವರಿಗೆ ಇಲ್ಲಿ ನಿಜವಾದ ಅನುಕೂಲ ಇದೆ.

ನನ್ನ ಆಯ್ಕೆ ಹೇಳಬೇಕೆಂದರೆ, ಸಾಧಾರಣ ಕವರ್‌ಗಿಂತ ಒಳ್ಳೆಯ ಒಳಪುಟ ಮೇಲು. ಕವರ್ ಒಂದು ಪೋಸ್ಟರ್. ಒಳಪುಟದಲ್ಲಿ ಕಲಾವಿದ ಯೋಚಿಸಿದ ದಾರಿ ಇರುತ್ತದೆ: ಎಲ್ಲಿ ಹತ್ತಿರ ಬಂದ, ಎಲ್ಲಿ ದೂರ ನಿಂತ, ಯಾವ ಚೌಕಟ್ಟನ್ನು ಸುಮ್ನೆ ಖಾಲಿ ಬಿಟ್ಟ.

ಹೇಳಿ ಬರೆಸುವುದು ಮತ್ತು ಸ್ಕೆಚ್

ಕಮಿಷನ್, ಅಂದರೆ ಹೇಳಿ ಬರೆಸಿದ ಚಿತ್ರ, ಕೊಡುವ ಸಂತೋಷವೇ ಬೇರೆ. ಇದು ನಿಮಗೋಸ್ಕರ ಬರೆದದ್ದು. ಕಲಾವಿದರ ಜೊತೆ ನಾಲ್ಕು ಮಾತು ಆಡಿರುತ್ತೀರಿ. ದುಡ್ಡು ನೇರವಾಗಿ ಅವರ ಕೈಗೆ ಹೋಗುತ್ತದೆ. ಇವೆಲ್ಲ ಒಳ್ಳೆಯದೇ. ಮಕ್ಕಳ ಹುಟ್ಟುಹಬ್ಬಕ್ಕೋ ಗೆಳೆಯರಿಗೆ ಉಡುಗೊರೆಗೋ ಆದರೆ ಇದಕ್ಕಿಂತ ಚೆನ್ನಾದದ್ದು ಇಲ್ಲ.

ಆದರೆ ಮುಂದೆ ಮಾರಬೇಕಾಗಿ ಬಂದರೆ ಕೊಟ್ಟ ದುಡ್ಡು ವಾಪಸ್ ಬರುವುದು ಕಷ್ಟ. ನಿಮ್ಮ ಆಸೆಯಂತೆ ಬರೆಸಿದ ದೃಶ್ಯ ಇನ್ನೊಬ್ಬರಿಗೆ ಬೇಕಾಗಿರುವುದಿಲ್ಲ. 'ಪ್ರೀತಿಯ ಇಂಥವರಿಗೆ' ಅಂತ ಹೆಸರು ಬರೆಸಿಕೊಂಡರಂತೂ ಬೆಲೆ ಇನ್ನೂ ಇಳಿಯುತ್ತದೆ. ಹಾಗಂತ ಹೆಸರು ಬರೆಸಬೇಡಿ ಅಂತ ನಾನು ಹೇಳುವುದಿಲ್ಲ. ಮಾರುವ ಯೋಚನೆ ಇಲ್ಲದಿದ್ದರೆ ಖಂಡಿತ ಬರೆಸಿಕೊಳ್ಳಿ.

ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್ ಮೇಳದಲ್ಲಿ ಹತ್ತು ನಿಮಿಷದಲ್ಲಿ ಬರೆದುಕೊಡುವ ಸ್ಕೆಚ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಯಾವ ಪೆನ್ನು ಅಂತ ನೋಡಿ. ಅಗ್ಗದ ಮಾರ್ಕರ್ ಶಾಯಿ ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ, ಮಸುಕಾಗುತ್ತದೆ. ಇಂಡಿಯಾ ಇಂಕ್, ಅಂದರೆ ಇಂಗಾಲದ ಕಪ್ಪು ಶಾಯಿ, ಹಾಗಾಗುವುದಿಲ್ಲ.

'ಮೂಲ' ಅನ್ನುವ ಮಾತು ಗೊಂದಲವಾಗುವ ಕಡೆ

90ರ ದಶಕದ ನಡುವಿನಿಂದ ಅಕ್ಷರ ಬರೆಯುವ ಕೆಲಸ ಕಂಪ್ಯೂಟರ್‌ಗೆ ಹೋಯಿತು. ಆಮೇಲಿನ ಹೆಚ್ಚಿನ ಪುಟಗಳಲ್ಲಿ ಮಾತಿನ ಗುಳ್ಳೆ ಇರುವುದಿಲ್ಲ. ಚಿತ್ರ ಪೂರ್ತಿ ಕಾಣುತ್ತದೆ ಅಂತ ಕೆಲವರಿಗೆ ಇಷ್ಟ. ನನಗೆ ಮಾತಿಲ್ಲದ ಪುಟ ಅರ್ಧ ಪುಟ.

ಇನ್ನೊಂದು, ಬ್ಲೂಲೈನ್. ಹಿಂದೆ ಒಬ್ಬರು ಪೆನ್ಸಿಲ್ ಮಾಡಿದ ಹಾಳೆಯ ಮೇಲೇ ಇನ್ನೊಬ್ಬರು ಇಂಕ್ ಮಾಡುತ್ತಿದ್ದರು, ಅಂದರೆ ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ಈಗ ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಇಂಕ್ ಮಾಡುವವರು ಅದನ್ನು ಬೇರೆ ಬೋರ್ಡಿನ ಮೇಲೆ ತಿಳಿ ನೀಲಿಯಲ್ಲಿ ಅಚ್ಚು ಹಾಕಿ, ಅದರ ಮೇಲೆ ಶಾಯಿ ಹಾಕುತ್ತಾರೆ. ಹಾಗಾಗಿ ಒಂದೇ ಪುಟಕ್ಕೆ ಎರಡು ಹಾಳೆ: ಬರೀ ಪೆನ್ಸಿಲ್‌ನದು ಒಂದು, ಬರೀ ಶಾಯಿಯದು ಇನ್ನೊಂದು. ಎರಡೂ ಒಂದೇ ಹಾಳೆಯಲ್ಲಿ ಇರುವ ಪುಟಕ್ಕೆ ಸಾಮಾನ್ಯವಾಗಿ ಬೆಲೆ ಜಾಸ್ತಿ. ಬ್ಲೂಲೈನ್ ಮೇಲಿನ ಶಾಯಿಯಲ್ಲಿ ಪೆನ್ಸಿಲ್ ಕಲಾವಿದರ ಕೈ ಮುಟ್ಟಿರುವುದೇ ಇಲ್ಲ. ಅದನ್ನು ಅವರ ಹೆಸರಿನ ಬೆಲೆಗೆ ಕೊಳ್ಳಬೇಡಿ. ಇಂಕ್ ಮಾಡಿದವರ ಕೆಲಸ ಇಷ್ಟವಾದರೆ, ಆ ಬೆಲೆಗೆ ಧೈರ್ಯವಾಗಿ ತಗೊಳ್ಳಿ.

ಇವತ್ತು ಎಷ್ಟೋ ಜನ ಪೂರ್ತಿ ಟ್ಯಾಬ್ಲೆಟ್ ಮೇಲೇ ಬರೆಯುತ್ತಾರೆ. ಅಲ್ಲಿ ಮೂಲ ಹಾಳೆ ಅನ್ನುವುದೇ ಇಲ್ಲ. ಸಹಿ ಹಾಕಿದ ಪ್ರಿಂಟ್ ಚೆಂದ ಇರಬಹುದು, ಅದು ಪ್ರಿಂಟೇ. ಶುರುವಿನಲ್ಲಿ ನಾನೂ ಒಂದು ಪ್ರಿಂಟನ್ನು ಮೂಲ ಅಂತ ನಂಬಿ ಕೊಂಡಿದ್ದೆ. ಮಾರಿದವರು ಫೋಟೋ ಮಾತ್ರ ತೋರಿಸಿದ್ದರು. ಮನೆಗೆ ಬಂದ ಮೇಲೆ ಭೂತಗನ್ನಡಿ ಇಟ್ಟು ನೋಡಿದೆ. ಕಪ್ಪು ಗೆರೆ ಎಲ್ಲ ಕಡೆ ಒಂದೇ ಸಮ. ಶಾಯಿ ಎಲ್ಲೂ ದಪ್ಪವಾಗಿಲ್ಲ, ಎಲ್ಲೂ ತೆಳುವಾಗಿಲ್ಲ, ಪೆನ್ಸಿಲ್ ಒಂದು ಕಡೆಯೂ ಇಲ್ಲ. ಅಂದಿನಿಂದ ಓರೆ ಬೆಳಕಿನಲ್ಲಿ ತೆಗೆದ ಫೋಟೋ, ಹಿಂಬದಿಯ ಫೋಟೋ, ಎರಡನ್ನೂ ಕೇಳಿಯೇ ಮುಂದಿನ ಮಾತು.

ಕಳ್ಳ ಪ್ರತಿಗೂ ಒಂದು ಪರೀಕ್ಷೆ ಇದೆ. ಪುಸ್ತಕದಲ್ಲಿ ಅಚ್ಚಾದ ಅದೇ ಪುಟವನ್ನು ಪಕ್ಕಕ್ಕಿಟ್ಟು ಗೆರೆ ಗೆರೆ ಹೋಲಿಸಿ. ಕೆಳಗಿಂದ ಬೆಳಕು ಬರುವ ಲೈಟ್‌ಬಾಕ್ಸ್ ಮೇಲಿಟ್ಟು ನಕಲು ಮಾಡಿದ ಗೆರೆ ಹೆದರುತ್ತಾ ಹೋಗುತ್ತದೆ. ಚಿಕ್ಕ ವಿವರಗಳಲ್ಲಿ, ಅಂದರೆ ಹುಲ್ಲು, ಕೂದಲು, ದೂರದ ಕಟ್ಟಡದ ಕಿಟಕಿಗಳಲ್ಲಿ, ಲೆಕ್ಕ ತಪ್ಪುತ್ತದೆ. ಎಲ್ಲೂ ತಿದ್ದಿರದ ಶುಭ್ರ ಹಾಳೆಯನ್ನು ಕಂಡರೆ ಇನ್ನೊಮ್ಮೆ ನೋಡಿ.

ಯಾರಿಂದ ಕೊಳ್ಳುವುದು?

ಕಲಾವಿದರಿಂದ ನೇರವಾಗಿ ಕೊಂಡರೆ ನಕಲಿಯ ಭಯ ಇಲ್ಲ, ಮಧ್ಯವರ್ತಿ ಇಲ್ಲ. ಅಮೆರಿಕದ ಎಷ್ಟೋ ಕಲಾವಿದರು ತಮ್ಮ ಪುಟಗಳನ್ನು ಮಾರುವ ಕೆಲಸವನ್ನು ಒಬ್ಬ ಏಜೆಂಟ್‌ಗೆ ಒಪ್ಪಿಸಿರುತ್ತಾರೆ. ಹೊಸ ಸಂಚಿಕೆ ಬಂದ ವಾರದಲ್ಲೇ ಒಳ್ಳೆಯ ಪುಟಗಳು ಹೋಗಿಬಿಡುತ್ತವೆ. ನಿಮ್ಮ ಸಂಗ್ರಹದ ಮೊದಲ ಪುಟವನ್ನು ಇಲ್ಲೇ ಕೊಳ್ಳಿ ಅನ್ನುವುದು ನನ್ನ ಸಲಹೆ.

ಡೀಲರ್ ಹತ್ತಿರ ಬೆಲೆ ಜಾಸ್ತಿ, ಆದರೆ ಕಂತಿನಲ್ಲಿ ಕಟ್ಟಲು ಬಿಡುತ್ತಾರೆ, ಹಳೆಯ ಪುಟಕ್ಕೆ ಹೊಸದನ್ನು ಬದಲು ಮಾಡಿಕೊಳ್ಳುತ್ತಾರೆ. ಚೌಕಾಸಿಗೂ ಜಾಗ ಇದೆ. ಇನ್ನೊಬ್ಬ ಸಂಗ್ರಾಹಕರಿಂದ ಕೊಳ್ಳುವುದು ಎಲ್ಲಕ್ಕಿಂತ ಹಿತವಾದ ದಾರಿ. ಕಾಮಿಕ್ ಆರ್ಟ್ ಫ್ಯಾನ್ಸ್ ಅನ್ನುವ ತಾಣದಲ್ಲಿ ಜನ ತಮ್ಮ ಸಂಗ್ರಹ ತೋರಿಸುತ್ತಾರೆ. 'ಮಾರಾಟಕ್ಕಿಲ್ಲ' ಅಂತ ಬರೆದಿದ್ದರೂ, ಮರ್ಯಾದೆಯಿಂದ ಬರೆದರೆ ಒಂದು ದಿನ ಉತ್ತರ ಬರುತ್ತದೆ. ನನಗೆ ಎರಡು ವರ್ಷದ ಮೇಲೆ ಬಂತು.

ಹರಾಜಿನಲ್ಲಿ ಲೆಕ್ಕ ತಪ್ಪುವುದು ಸುಲಭ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು 400 ಡಾಲರ್‌ಗೆ ಕೂಗಿ ಗೆದ್ದಿರಿ ಅನ್ನಿ. ಹರಾಜು ಮನೆಯವರು ಕೊಂಡವರಿಂದ ತಗೊಳ್ಳುವ ಶುಲ್ಕ, ಅಂದರೆ ಪ್ರೀಮಿಯಂ, ಸುಮಾರು 20% ಸೇರಿಸಿ, 480. ವಿಮೆ ಮಾಡಿಸಿದ ಕೊರಿಯರ್‌ಗೆ 80 ಅಂತ ಇಟ್ಟುಕೊಳ್ಳಿ, 560 ಆಯಿತು. ಕಸ್ಟಮ್ಸ್ ಮುಟ್ಟುವ ಮುಂಚೆಯೇ ಕೂಗಿದ್ದಕ್ಕಿಂತ 40% ಜಾಸ್ತಿ. ಇಲ್ಲಿಗೆ ಬಂದ ಮೇಲೆ ಸುಂಕ, ಜಿಎಸ್‌ಟಿ. ಪೊಟ್ಟಣದ ಮೇಲೆ 'ಕಾಮಿಕ್ಸ್' ಅಂತಲೋ 'ಪೋಸ್ಟರ್' ಅಂತಲೋ ಬರೆಯಲು ಬಿಡಬೇಡಿ. ಕೈಯಲ್ಲಿ ಬರೆದ ಚಿತ್ರಗಳಿಗೆ ಕಸ್ಟಮ್ಸ್ ಪಟ್ಟಿಯಲ್ಲಿ 9701 ಅನ್ನುವ ಪ್ರತ್ಯೇಕ ಶೀರ್ಷಿಕೆ ಇದೆ. ಆ ಸಂಖ್ಯೆ, ನಿಜವಾದ ಬೆಲೆ, ಎರಡನ್ನೂ ಇನ್‌ವಾಯ್ಸ್‌ನಲ್ಲಿ ಹಾಕಿಸಿ. ದರ ಆಗಾಗ ಬದಲಾಗುತ್ತದೆ, ಕೂಗುವ ವಾರದಲ್ಲೇ ವಿಚಾರಿಸಿಕೊಳ್ಳಿ. ಅಮೆರಿಕದಲ್ಲಿ ಅಣ್ಣನೋ ಅಕ್ಕನೋ ಇದ್ದು, ರಜಕ್ಕೆ ಬರುವಾಗ ತರುತ್ತಾರೆ ಅಂದರೆ, ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು ಕೈಚೀಲದಲ್ಲೇ ತರಲಿ. ವಿಮಾನ ನಿಲ್ದಾಣದಲ್ಲಿ ಘೋಷಿಸಿ, ಬಿಲ್ ತೋರಿಸಲಿ.

ಇಷ್ಟಾದರೂ ಹರಾಜಿನಿಂದ ಒಂದು ದೊಡ್ಡ ಉಪಕಾರ ಇದೆ. ಹೆರಿಟೇಜ್‌ನಂಥ ಕಡೆ ಹೆಸರು ನೋಂದಾಯಿಸಿದರೆ ಹಳೆಯ ಮಾರಾಟದ ಬೆಲೆಗಳನ್ನೆಲ್ಲ ನೋಡಬಹುದು. ಅಲ್ಲಿ ಒಂದು ರೂಪಾಯಿಯದೂ ಕೊಳ್ಳದಿದ್ದರೂ ಸರಿ, ಒಂದು ತಿಂಗಳು ಆ ಬೆಲೆಗಳನ್ನು ನೋಡುತ್ತಾ ಕೂತರೆ ಕಣ್ಣು ಪಳಗುತ್ತದೆ.

ಈ ಪುಟ ಇಲ್ಲಿಗೆ ಹೇಗೆ ಬಂತು ಅಂತ ಕೇಳಿ

ಹಳೆಯ ಅಮೆರಿಕನ್ ಪುಟ ಕೊಳ್ಳುವಾಗ ಇದನ್ನು ಕೇಳಲೇಬೇಕು. 70ರ ದಶಕದವರೆಗೆ ಕಂಪನಿಗಳು ಮೂಲ ಪುಟಗಳನ್ನು ಕಲಾವಿದರಿಗೆ ವಾಪಸ್ ಕೊಡುತ್ತಿರಲಿಲ್ಲ. ಕೆಲವನ್ನು ಹರಿದು ಎಸೆದರು, ಕೆಲವನ್ನು ಬಂದುಹೋದವರಿಗೆ ಕೊಟ್ಟರು. ಗೋದಾಮಿನಿಂದ ಕದ್ದುಹೋದವೂ ಇವೆ. ಕಲಾವಿದ ಜಾಕ್ ಕರ್ಬಿ ಮಾರ್ವೆಲ್ ಕಂಪನಿಗೆ ಹತ್ತು ಸಾವಿರಕ್ಕೂ ಹೆಚ್ಚು ಪುಟ ಬರೆದವರು. ವರ್ಷಗಟ್ಟಲೆ ಜಗಳದ ಮೇಲೆ 1987ರಲ್ಲಿ ಅವರ ಕೈಗೆ ಬಂದದ್ದು ಎರಡು ಸಾವಿರದ ಆಸುಪಾಸು. ಉಳಿದವು ಎಲ್ಲಿ ಹೋದವು ಅನ್ನುವ ನೋವು ಈ ಮಾರುಕಟ್ಟೆಯ ಒಳಗೆ ಇವತ್ತಿಗೂ ಇದೆ. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಕಥೆಯ ಸ್ಟೀವ್ ಡಿಟ್ಕೊ ಪುಟಗಳು 2008ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಬಂದವು. ಕೊಟ್ಟವರು ಹೆಸರು ಹೇಳಲಿಲ್ಲ. ಕೋಟಿಗಟ್ಟಲೆ ಬೆಲೆಯ ಆ ಪುಟಗಳನ್ನು ಈಗ ಯಾರು ಬೇಕಾದರೂ ಹೋಗಿ ನೋಡಲು ಕೇಳಬಹುದು. ಆ ದಾನಿಯನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

60ರ ದಶಕದ ಪುಟಕ್ಕೆ ಮಾರುವವರು ತೃಪ್ತಿಕರ ಉತ್ತರ ಕೊಡದಿದ್ದರೆ ಬಿಟ್ಟುಬಿಡಿ. 80ರ ನಂತರದ್ದಾದರೆ ಪುಟ ಕಲಾವಿದರಿಗೆ ವಾಪಸ್ ಹೋಗಿ, ಅವರಿಂದ ಮಾರಾಟವಾದದ್ದೇ ಹೆಚ್ಚು. ಚಿಂತೆ ಕಡಿಮೆ.

ನಮ್ಮ ಕಡೆಯ ಪುಟಗಳು

ಅಮರ ಚಿತ್ರ ಕಥೆಯ ಇಂಗ್ಲಿಷ್ ಪುಸ್ತಕಗಳ ಸಂಖ್ಯೆ 11ರಿಂದ ಶುರುವಾಗುತ್ತದೆ. ಯಾಕೆಂದರೆ ಮೊದಲ ಹತ್ತು ಕನ್ನಡದಲ್ಲಿ ಬಂದಿದ್ದವು. ಆ ಹನ್ನೊಂದನೆಯದು 'ಕೃಷ್ಣ', ಚಿತ್ರ ಬರೆದವರು ರಾಮ್ ವಾಯೀರ್ಕರ್. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಯಿತು, ಕನ್ನಡದಲ್ಲೂ ಬಂತು. ಅದರ ಎಷ್ಟೋ ಮುಖಪುಟಗಳನ್ನು ಬಿ. ಗೋವಿಂದ್ ಬಣ್ಣದಲ್ಲಿ ಬರೆದರು. ನಮ್ಮ ತಲೆಮಾರಿನವರಿಗೆ ಫ್ಯಾಂಟಮ್ ಅಂದರೆ ಆ ಮುಖಪುಟಗಳೇ.

ಅಮೆರಿಕದ ಹಾಗೆ ಇವಕ್ಕೆ ಸಿದ್ಧ ಮಾರುಕಟ್ಟೆ ಇಲ್ಲ. ಹೋಲಿಸಿ ನೋಡಲು ಹಳೆಯ ಬೆಲೆಗಳ ಪಟ್ಟಿಯೂ ಇಲ್ಲ. ಹೂಡಿಕೆ ಅಂತ ಬರುವವರಿಗೆ ಇದು ಸರಿಹೋಗುವುದಿಲ್ಲ. ಪ್ರೀತಿಯಿಂದ ಬರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ವ್ಯಂಗ್ಯಚಿತ್ರಗಳ ಕಡೆ ಒಲವಿದ್ದರೆ ಬೆಂಗಳೂರಿನ ಎಂ.ಜಿ. ರಸ್ತೆ ಪಕ್ಕ, ಟ್ರಿನಿಟಿ ಸರ್ಕಲ್ ಹತ್ತಿರ ಇರುವ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಒಂದು ಶನಿವಾರ ಹೋಗಿಬನ್ನಿ. ದುಡ್ಡು ಖರ್ಚು ಮಾಡುವ ಮುಂಚೆ ಗೆರೆಯನ್ನು ಎದುರಿಗೆ ನೋಡಿ ಕಲಿಯುವ ಜಾಗ ಅದು. ಆಮೇಲೆ ಬೆಂಗಳೂರು ಕಾಮಿಕ್ ಕಾನ್‌ನಲ್ಲಿ ಕಲಾವಿದರ ಮೇಜುಗಳ ಸಾಲು. ಮುಂದೆ ಜೋಡಿಸಿಟ್ಟ ಪ್ರಿಂಟ್‌ಗಳನ್ನು ದಾಟಿ, 'ಕೈಯಲ್ಲಿ ಬರೆದ ಪುಟ ಏನಾದರೂ ಇದೆಯಾ?' ಅಂತ ಕೇಳಿ. ಮೇಜಿನ ಕೆಳಗಿಂದ ಫೈಲ್ ಹೊರಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾರುವ ದಿನ ಬಂದರೆ

ದೊಡ್ಡ ಹೆಸರಿನ ಪುಟ ಹರಾಜಿಗೆ ಸರಿ. ಇಬ್ಬರು ಹಠ ಹಿಡಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಸಾಧಾರಣ ಪುಟವನ್ನು ಹರಾಜಿಗೆ ಹಾಕಿದರೆ ಅಷ್ಟೇ ಬೇಗ ಕೆಳಗೂ ಬೀಳುತ್ತದೆ, ಮಾರುವವರ ಕಮಿಷನ್ ಬೇರೆ. ಅಂಥದ್ದನ್ನು ಸಂಗ್ರಾಹಕರಿಗೇ ನೇರವಾಗಿ ಕೊಡುವುದು ಮೇಲು. ಡೀಲರ್ ಕೂಡಲೇ ದುಡ್ಡು ಕೊಡುತ್ತಾರೆ, ಆದರೆ ಅವರೂ ಲಾಭ ನೋಡಬೇಕಲ್ವಾ. ಅವಸರ ಇದ್ದರೆ ಮಾತ್ರ ಆ ದಾರಿ.

ಇಲ್ಲಿಯ ಕಾನೂನಿನ ಎರಡು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಪುಟ ನಿಮ್ಮದಾದರೂ ಅದನ್ನು ಅಚ್ಚು ಹಾಕಿ ಮಾರುವ ಹಕ್ಕು ನಿಮ್ಮದಲ್ಲ, ಟೀಶರ್ಟ್ ಮೇಲೂ ಹಾಕುವಂತಿಲ್ಲ. ಎರಡನೆಯದು, ನಮ್ಮ ಕಾಪಿರೈಟ್ ಕಾಯ್ದೆಯ 53ಎ ಕಲಂ. ಮೂಲ ಚಿತ್ರವೊಂದು ಮರುಮಾರಾಟದಲ್ಲಿ 10,000 ರೂಪಾಯಿ ದಾಟಿದರೆ, ಅದರ ಕಾಪಿರೈಟ್‌ನ ಮೊದಲ ಒಡೆಯರಾಗಿದ್ದ ಕಲಾವಿದರಿಗೆ ಅದರಲ್ಲಿ ಪಾಲು ಕೇಳುವ ಹಕ್ಕಿದೆ, ಹೆಚ್ಚೆಂದರೆ 10%. ಕೇಳಲಿ ಬಿಡಲಿ, ನಮ್ಮ ಕಲಾವಿದರ ಪುಟ ಲಾಭಕ್ಕೆ ಮಾರಿದಾಗ ಅವರಿಗೊಂದು ಪಾಲು ಮುಟ್ಟಿಸುವುದು ಸರಿ ಅನ್ನುವುದು ನನ್ನ ನಂಬಿಕೆ. ಇನ್ನು ಆದಾಯ ತೆರಿಗೆಯಲ್ಲಿ ಚಿತ್ರಗಳು ಮನೆಬಳಕೆಯ ವಸ್ತು ಅನ್ನಿಸಿಕೊಳ್ಳುವುದಿಲ್ಲ. ಲಾಭ ಬಂದರೆ ಅದು ಬಂಡವಾಳ ಲಾಭ. ಕೊಂಡಾಗಿನ ಬಿಲ್ ಎತ್ತಿಡಿ.

ಇಟ್ಟುಕೊಳ್ಳುವುದು

ಫ್ರೇಮ್ ಅಥವಾ ಫೋಲಿಯೊ (ಪುಟಗಳನ್ನು ಇಡುವ ದೊಡ್ಡ ಫೈಲ್), ಎರಡರಲ್ಲಿ ನಾನು ಫೋಲಿಯೊ ಕಡೆ. ಒಮ್ಮೆ ಒಂದು ಫ್ರೇಮ್ ಅಂಗಡಿಗೆ ಕೊಟ್ಟಿದ್ದ ಪುಟ ವಾಪಸ್ ಬಂದಾಗ ಹಾರ್ಡ್‌ಬೋರ್ಡ್‌ಗೆ ಪೂರ್ತಿ ಗೋಂದು ಹಾಕಿ ಅಂಟಿಸಿದ್ದರು. ನೀಟಾಗಿ ಕೂರಲಿ ಅಂತ ಮಾಡಿದ್ದು ಅವರು. ಹಿಂದಿದ್ದ ಮೊಹರು, ಕಲಾವಿದರ ಟಿಪ್ಪಣಿ ಎಲ್ಲ ಗೋಂದಿನ ಕೆಳಗೆ ಹೋಯಿತು. ಫ್ರೇಮ್ ಹಾಕಿಸುವುದಾದರೆ 'ಅಂಟಿಸಬೇಡಿ, ಮೂಲೆಗೆ ಕಾಗದದ ಹಿಡಿಕೆ ಮಾತ್ರ, ಆಮ್ಲ ಇಲ್ಲದ ಮೌಂಟ್' ಅಂತ ಚೀಟಿ ಬರೆದು ಕೊಡಿ. ಗಾಜು ಚಿತ್ರಕ್ಕೆ ತಾಗಬಾರದು. ಬಿಸಿಲು ಬೀಳುವ ಗೋಡೆ ಬೇಡ.

ಮಂಗಳೂರು, ಉಡುಪಿ, ಶಿವಮೊಗ್ಗ ಕಡೆಯವರಿಗೆ ಮಳೆಗಾಲವೇ ದೊಡ್ಡ ಚಿಂತೆ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಮುಚ್ಚಿಟ್ಟರೆ ಒಳಗೇ ಬೂಷ್ಟು ಹಿಡಿಯುತ್ತದೆ. ಮೈಲಾರ್ ಅನ್ನುವ ಪಾರದರ್ಶಕ ಹಾಳೆಯ, ಬಾಯಿ ತೆರೆದ ಲಕೋಟೆಯಲ್ಲಿ, ಹಿಂದೆ ಆಮ್ಲ ಇಲ್ಲದ ಬೋರ್ಡ್ ಇಟ್ಟು, ಗೋಡೆಗೆ ತಾಗದ ಬೀರುವಿನಲ್ಲಿ ಮಲಗಿಸಿ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೊಮ್ಮೆ, ಮಳೆ ನಿಂತ ಮಧ್ಯಾಹ್ನ, ಒಣಗಿದ ಕೈಯಲ್ಲಿ ಒಂದೊಂದೇ ಪುಟ ಹೊರತೆಗೆದು ನೋಡಿ. ಆ ಯುದ್ಧದ ಪುಟದಲ್ಲಿ, ಆರನೇ ಚೌಕಟ್ಟಿನ ಕತ್ತಲೆಯೊಳಗೆ ಇನ್ನೊಬ್ಬ ಸೈನಿಕ ಕೂತಿದ್ದಾನೆ ಅಂತ ನನಗೆ ಗೊತ್ತಾದದ್ದು ಹಾಗೆ ಹೊರತೆಗೆದ ಒಂದು ದಿನ, ಕೊಂಡು ನಾಲ್ಕು ವರ್ಷ ಆದ ಮೇಲೆ.